ಮಕ್ಕಳ ಅಸ್ತಮಾ: ಸ್ಪೇಸರ್ ಹಿಡಿಯುವ ಕ್ರಮ

'ಈ ಇನ್‌ಹೇಲರ್ ನಮ್ಮ ಮಗುವಿಗೆ ಹಿಡಿಸುತ್ತಿಲ್ಲ, ಬೇರೆ ಬರೆದುಕೊಡಿ' ಎಂದು ಬರುವವರಿಗೆ ನಾನು ಮೊದಲು ಹೇಳುವುದು, ಮನೆಯಲ್ಲಿ ಹೇಗೆ ಕೊಡುತ್ತೀರೋ ಹಾಗೆಯೇ ಇಲ್ಲಿ ಒಂದು ಸಲ ಕೊಟ್ಟು ತೋರಿಸಿ ಎಂದು. ಎಷ್ಟೋ ಸಲ ಔಷಧಿ ಸರಿಯಾದದ್ದೇ ಇರುತ್ತದೆ. ಶ್ವಾಸಕೋಶದ ತನಕ ಹೋಗಿರುವುದಿಲ್ಲ ಅಷ್ಟೇ.

ಡಬ್ಬಿ ಒತ್ತಿದಾಗ ಔಷಧಿ ರಭಸದಿಂದ ಚಿಮ್ಮುತ್ತದೆ. ನೇರವಾಗಿ ಬಾಯಿಗೆ ಹೊಡೆದರೆ ಹೆಚ್ಚಿನ ಪಾಲು ಗಂಟಲಿಗೆ ಬಡಿದು ಅಲ್ಲೇ ಉಳಿಯುತ್ತದೆ. ಹಾಗಾಗಿ ಒತ್ತುವ ಇನ್‌ಹೇಲರ್ ಆದರೆ ಮಕ್ಕಳಿಗೆ ಸ್ಪೇಸರ್, ಅಂದರೆ ಇನ್‌ಹೇಲರಿಗೂ ಬಾಯಿಗೂ ನಡುವೆ ಇಡುವ ಟೊಳ್ಳು ಸಾಧನ, ಬೇಕೇ ಬೇಕು. ನಾಲ್ಕು ವರ್ಷದೊಳಗಿನವರಿಗೆ ಮಾಸ್ಕ್ ಸಮೇತ ಕೊಡಿ. ಆಮೇಲೆ ಅದರ ಬಾಯಿಗಿಡುವ ಕೊಳವೆಯನ್ನು ತುಟಿಗಳಿಂದ ಬಿಗಿಯಾಗಿ ಹಿಡಿಯಲು ಕಲಿತ ಕೂಡಲೇ ಮಾಸ್ಕ್ ತೆಗೆದುಬಿಡಿ. ಮೂಗಿನಿಂದ ಉಸಿರೆಳೆದರೆ ಮೂಗೇ ಒಂದಿಷ್ಟು ಔಷಧಿ ಹಿಡಿದಿಟ್ಟುಕೊಳ್ಳುತ್ತದೆ.

ಮಗುವನ್ನು ನೆಟ್ಟಗೆ ಕೂರಿಸಿ, ಗದ್ದ ಎದೆಗೆ ತಾಗದಿರಲಿ. ಇನ್‌ಹೇಲರನ್ನು ಐದಾರು ಸೆಕೆಂಡು ಚೆನ್ನಾಗಿ ಕುಲುಕಿ ಸ್ಪೇಸರಿಗೆ ಸಿಕ್ಕಿಸಿ. ಹೊಸದಾಗಿದ್ದರೆ ಅಥವಾ ಕೆಲವು ದಿನ ಬಳಸದೆ ಬಿಟ್ಟಿದ್ದರೆ ಮೊದಲ ಎರಡು ಮೂರು ಪಫ್ ಗಾಳಿಗೆ ಬಿಡಿ. ಮಾಸ್ಕನ್ನು ಮೊದಲು ಮೂಗಿನ ಮೇಲ್ಭಾಗಕ್ಕೆ ಒತ್ತಿ, ಆಮೇಲೆ ಕೆನ್ನೆ, ಗದ್ದಕ್ಕೆ ಕೂರಿಸಿ. ಪಕ್ಕದಲ್ಲಿ ಸ್ವಲ್ಪ ಸಂದಿ ಇದ್ದರೂ ಮಗು ಹೊರಗಿನ ಗಾಳಿಯನ್ನೇ ಎಳೆದುಕೊಳ್ಳುತ್ತದೆ. ಒಂದೇ ಪಫ್ ಒತ್ತಿ, ತಕ್ಷಣ ಐದಾರು ಸಹಜ ಉಸಿರಾಗಲಿ. ಪ್ರತಿ ಉಸಿರಿಗೂ ಸ್ಪೇಸರಿನ ಕವಾಟ ಅಲುಗುವುದು ಕಾಣಬೇಕು. ಅಲುಗದಿದ್ದರೆ ಮಾಸ್ಕ್ ಸರಿಯಾಗಿ ಕೂತಿಲ್ಲ. ಎರಡನೇ ಪಫ್ ಬೇಕಿದ್ದರೆ ಅರ್ಧ ನಿಮಿಷ ಬಿಟ್ಟು, ಮತ್ತೆ ಕುಲುಕಿ ಕೊಡಿ. ಎರಡನ್ನೂ ಒಟ್ಟಿಗೆ ಹೊಡೆದರೆ ಹನಿಗಳು ಒಂದಕ್ಕೊಂದು ಸೇರಿ ದಪ್ಪಗಾಗಿ ಸ್ಪೇಸರ್ ಗೋಡೆಗೆ ಅಂಟಿಕೊಳ್ಳುತ್ತವೆ.

ಅಳುವ ಮಗುವಿಗೆ ಹಿಡಿದು ಕೊಟ್ಟರೆ ಔಷಧಿ ಚೆನ್ನಾಗಿ ಒಳಗೆ ಹೋಗುತ್ತದೆ ಎಂಬ ಮಾತನ್ನು ದಯವಿಟ್ಟು ನಂಬಬೇಡಿ. ಅಳುವಾಗ ಉಸಿರು ಬಿಡುವ ಹೊತ್ತೇ ಹೆಚ್ಚು, ಎಳೆಯುವುದು ಗಕ್ಕನೆ. ಬಂದ ಔಷಧಿ ಗಂಟಲಲ್ಲೇ ಕೂರುತ್ತದೆ. ಆರಾಮವಾಗಿರುವ ಹೊತ್ತಲ್ಲಿ ಖಾಲಿ ಮಾಸ್ಕನ್ನು ಆಟದ ಸಾಮಾನಿನಂತೆ ಕೈಗೆ ಕೊಡಿ, ಗೊಂಬೆಗೆ ಹಾಕಿಸಿ, ನೀವೂ ಹಾಕಿಕೊಳ್ಳಿ. ತೊಡೆಯ ಮೇಲೆ ಬೆನ್ನು ನಿಮ್ಮ ಎದೆಗೊರಗುವಂತೆ ಕೂರಿಸಿಕೊಂಡರೆ ಹಿಡಿಯುವುದು ಸಲೀಸು.

ಹೊಸ ಪ್ಲಾಸ್ಟಿಕ್ ಸ್ಪೇಸರಿನ ಒಳಗೋಡೆಯಲ್ಲಿ ಸ್ಥಿರ ವಿದ್ಯುತ್ ಇರುತ್ತದೆ, ಅದು ಔಷಧಿಯನ್ನು ಸೆಳೆದುಕೊಳ್ಳುತ್ತದೆ. ಬಳಸುವ ಮುನ್ನ, ಆಮೇಲೆ ತಿಂಗಳಿಗೊಮ್ಮೆ, ಪಾತ್ರೆ ತೊಳೆಯುವ ದ್ರವ ಒಂದೆರಡು ಹನಿ ಹಾಕಿದ ಉಗುರುಬೆಚ್ಚಗಿನ ನೀರಲ್ಲಿ ಅದ್ದಿ ತೆಗೆದು ಹಾಗೇ ಒಣಗಲು ಬಿಡಿ. ಬಟ್ಟೆಯಿಂದ ಒಳಗೆ ಉಜ್ಜಿದರೆ ವಿದ್ಯುತ್ ಮತ್ತೆ ಹುಟ್ಟುತ್ತದೆ. ಬಾಯಿಗೆ, ಮುಖಕ್ಕೆ ತಾಗುವ ಭಾಗವನ್ನು ಮಾತ್ರ ಒರೆಸಿ.

ಡಬ್ಬಿ ಖಾಲಿಯಾದದ್ದು ಹೊಗೆ ನೋಡಿದರೆ ಗೊತ್ತಾಗುವುದಿಲ್ಲ; ಔಷಧಿ ಮುಗಿದ ಮೇಲೂ ಅನಿಲ ಚಿಮ್ಮುತ್ತಲೇ ಇರುತ್ತದೆ. ನೀರಲ್ಲಿ ತೇಲಿಸಿ ನೋಡುವುದೂ ನಂಬಲರ್ಹವಲ್ಲ. 200 ಪಫ್‌ನ ಡಬ್ಬಿಯಿಂದ ದಿನಕ್ಕೆ ನಾಲ್ಕು ಕೊಟ್ಟರೆ 50 ದಿನ. ಎಣಿಕೆಯ ಕಿಟಕಿ ಇಲ್ಲದಿದ್ದರೆ ಶುರು ಮಾಡಿದ ತಾರೀಕನ್ನು ಡಬ್ಬಿಯ ಮೇಲೇ ಬರೆದಿಡಿ.

ದಿನಾ ಕೊಡುವ ಸ್ಟೆರಾಯ್ಡ್ ಇನ್‌ಹೇಲರನ್ನು ಮಗು ಚೆನ್ನಾಗಿದೆ ಎಂದು ನೀವೇ ನಿಲ್ಲಿಸಬೇಡಿ. ಅದು ಶ್ವಾಸನಾಳದ ಊತವನ್ನು ವಾರಗಟ್ಟಲೆ ತೆಗೆದುಕೊಂಡು ಇಳಿಸುತ್ತದೆ. ಸಾಮಾನ್ಯವಾಗಿ ಸುಮಾರು ಮೂರು ತಿಂಗಳು ಹತೋಟಿಯಲ್ಲಿದ್ದರೆ ವೈದ್ಯರೇ ಪ್ರಮಾಣ ಇಳಿಸುತ್ತಾರೆ. ಹಲ್ಲುಜ್ಜುವ ಮುಂಚೆ ಕೊಡುವ ರೂಢಿ ಮಾಡಿ: ಮರೆಯುವುದಿಲ್ಲ, ಬಾಯಿಯೂ ತೊಳೆದಂತಾಗುತ್ತದೆ, ಬಾಯಲ್ಲಿ ಬಿಳಿ ಹುಣ್ಣು ತಪ್ಪುತ್ತದೆ. ಮಾಸ್ಕ್ ಆದರೆ ಮುಖವನ್ನೂ ತೊಳೆಸಿ.

ದಮ್ಮು ಹೆಚ್ಚಾದಾಗ ವೈದ್ಯರು ಬರೆದುಕೊಟ್ಟ ಕ್ರಮವೇ ಮೊದಲು. ಅದು ಕೈಯಲ್ಲಿಲ್ಲದಿದ್ದರೆ ಸಾಲ್ಬುಟಮಾಲ್, ಅಂದರೆ ತಕ್ಷಣದ ಆರಾಮಕ್ಕೆ ಕೊಡುವ ಇನ್‌ಹೇಲರನ್ನು ಸ್ಪೇಸರಿನಲ್ಲಿ ಒಂದೊಂದಾಗಿ ನಾಲ್ಕು ಪಫ್ ಕೊಡಿ. ನಾಲ್ಕು ನಿಮಿಷ ನೋಡಿ, ಇಳಿಯದಿದ್ದರೆ ಇನ್ನೂ ನಾಲ್ಕು. ಆಗಲೂ ಇಳಿಯದಿದ್ದರೆ ಆಂಬುಲೆನ್ಸ್ ಕರೆಸಿ, ಅದು ಬರುವ ತನಕ ಹೀಗೇ ಕೊಡುತ್ತಿರಿ. ಅಂಗಿ ಎತ್ತಿ ಎದೆ ನೋಡಿ: ಪಕ್ಕೆಲುಬಿನ ನಡುವೆ, ಕತ್ತಿನ ಬುಡದಲ್ಲಿ ಚರ್ಮ ಒಳಗೆ ಸೆಳೆಯುತ್ತಿದ್ದರೆ, ಒಂದು ವಾಕ್ಯ ಪೂರ್ತಿ ಹೇಳಲಾಗದಿದ್ದರೆ, ತುಟಿ ನೀಲಿಗಟ್ಟಿದರೆ ಕಾದು ನೋಡುವ ಹೊತ್ತಲ್ಲ, ಮೊದಲೇ ಕರೆಸಿ. ಸುಂಯ್ ಶಬ್ದ ನಿಂತಿತೆಂದು ಸಮಾಧಾನಪಡಬೇಡಿ. ಮಗು ಸುಸ್ತಾಗಿ, ಮಂಕಾಗಿ, ಶಬ್ದವೂ ನಿಂತಿದ್ದರೆ ಗಾಳಿ ಆಡುವುದೇ ಕಡಿಮೆಯಾಗಿದೆ ಎಂದರ್ಥ. ಇದಕ್ಕಿಂತ ಅಪಾಯದ ಲಕ್ಷಣ ಇನ್ನೊಂದಿಲ್ಲ.

ಇಳಿದರೂ ನಾಲ್ಕು ಗಂಟೆಯೊಳಗೆ ಮತ್ತೆ ಬೇಕಾಯಿತೆಂದರೆ ಅಂದೇ ಆಸ್ಪತ್ರೆಗೆ ಕರೆದೊಯ್ಯಿರಿ. ಬೇಕಾಗದಿದ್ದರೂ ಒಂದೆರಡು ದಿನದಲ್ಲಿ ವೈದ್ಯರಿಗೆ ತೋರಿಸಿ.