ವಾರ್ಡಿನ ತರಗೆಲೆಗೆ ಗೊಬ್ಬರದ ಅಂಗಳ: ಮೊದಲು ಜಾಗದ ಲೆಕ್ಕ

ಫೆಬ್ರವರಿ ಬಂತೆಂದರೆ ಪುಣೆಯ ರಸ್ತೆ ತುಂಬಾ ತರಗೆಲೆ. ಇಲ್ಲಿಯವರು ಪಾಲಾಪಾಚೋಳಾ ಅನ್ನುತ್ತಾರೆ. ಬೆಳಿಗ್ಗೆ ಗುಡಿಸಿಟ್ಟ ಗುಡ್ಡೆಗೆ ಸಂಜೆ ಯಾರೋ ಬೆಂಕಿ ಹಚ್ಚುತ್ತಾರೆ, ಕಣ್ಣೆಲ್ಲ ಉರಿ. 2016ರ ಘನತ್ಯಾಜ್ಯ ನಿಯಮಗಳಲ್ಲೇ ಇದಕ್ಕೆ ನಿಷೇಧ ಬಂದಿತ್ತು. ಆದರೆ ಎಲೆ ಹಾಕಲು ಜಾಗ ಕೊಡದೆ ಸುಮ್ನೆ ಸುಡಬೇಡಿ ಅಂದರೆ ಯಾರು ಕೇಳುತ್ತಾರೆ? ನಿಮ್ಮ ವಾರ್ಡಿಗೆ ಎಲೆ ಕೊಳೆಸಿ ಗೊಬ್ಬರ ಮಾಡುವ ಅಂಗಳ ಬೇಕು ಅಂತ ಪಾಲಿಕೆಗೆ ಕೇಳುವ ಮೊದಲು ಈ ಲೆಕ್ಕ ಹಾಕಿಕೊಳ್ಳಿ.

ಎಲೆಯನ್ನು ತೂಕದಲ್ಲಲ್ಲ, ಗಾತ್ರದಲ್ಲಿ ಅಳೆಯಬೇಕು. ಒಂದು ಟನ್ ಸಡಿಲ ಒಣ ಎಲೆ ಸುಮಾರು 10 ಘನ ಮೀಟರ್ ಜಾಗ ತಿನ್ನುತ್ತದೆ. ಉದ್ದ ರಾಶಿಯನ್ನು 3 ಮೀಟರ್ ಅಗಲ, 1.5 ಮೀಟರ್ ಎತ್ತರಕ್ಕೆ ಹಾಕಿದರೆ 10 ಮೀಟರ್ ಉದ್ದಕ್ಕೆ ಸುಮಾರು 30 ಘನ ಮೀಟರ್ ಹಿಡಿಯುತ್ತದೆ. ರಾಶಿಗಳ ನಡುವೆ ಲೋಡರ್ (ಎಲೆ ಎತ್ತಿ ಹಾಕುವ ವಾಹನ) ತಿರುಗುವಷ್ಟು ದಾರಿ ಬಿಡಿ, ಇದನ್ನೇ ಜಾಸ್ತಿ ಜನ ಮರೆಯುತ್ತಾರೆ. ಎಲೆ ಕತ್ತರಿಸುವ ಯಂತ್ರ ಇದ್ದರೆ ಗಾತ್ರ ಬಹಳ ಇಳಿಯುತ್ತದೆ. ತೆಂಗಿನ ಗರಿ, ಕೊಂಬೆಗಳಿಗಂತೂ ಅದು ಬೇಕೇ ಬೇಕು.

ನಿಜವಾದ ತೊಡಕು ಋತುವಿನದು. ಒಣ ಎಲೆ ಬೀಳುವುದು ಬೇಸಿಗೆಗೆ, ಹಸಿ ಹುಲ್ಲು ಸಿಗುವುದು ಮಳೆಗಾಲಕ್ಕೆ, ಆದರೆ ರಾಶಿಗೆ ಎರಡೂ ಒಟ್ಟಿಗೆ ಬೇಕು. ಬರೀ ಒಣ ಎಲೆಯಲ್ಲಿ ಇಂಗಾಲ ಜಾಸ್ತಿ, ಸಾರಜನಕ ಕಡಿಮೆ, ಹಾಗಾಗಿ ತಿಂಗಳುಗಟ್ಟಲೆ ಕೊಳೆಯದೆ ಕೂರುತ್ತದೆ. ಇಂಗಾಲ 25ರಿಂದ 30 ಪಾಲು, ಸಾರಜನಕ 1 ಪಾಲು ಇದ್ದರೆ ಕೆಲಸ ಸಲೀಸು. ಅದಕ್ಕೇ ಒಣ ಎಲೆಯನ್ನು ಮಳೆಗಾಲದವರೆಗೆ ಕೂಡಿಡಲು ಬೇರೆಯೇ ಒಂದು ಚಪ್ಪರ ಬೇಕು ಅಂತ ಅರ್ಜಿಯಲ್ಲಿ ಬರೆಸಿ, ನನ್ನ ಪ್ರಕಾರ ಯೋಜನೆಯ ಜೀವ ಅದೇ. ಬೇಸಿಗೆಯಲ್ಲಿ ಹಸಿ ಸಾಲದಿದ್ದರೆ ಸಗಣಿ ನೀರು, ತರಕಾರಿ ಮಾರುಕಟ್ಟೆಯ ಸೊಪ್ಪು ಸೇರಿಸಬಹುದು.

ನೆಲಕ್ಕೆ ಸ್ವಲ್ಪ ಇಳಿಜಾರು ಕೊಡಿ. ರಾಶಿಯಿಂದ ಸೋರುವ ಕಂದು ನೀರು ಗುಂಡಿಗೆ ಹೋಗಲಿ, ಬಾವಿ, ಹಳ್ಳದ ಕಡೆಗಲ್ಲ. ಮಳೆಗಾಲಕ್ಕೆ ಮೇಲೆ ಹೊದಿಕೆ ಬೇಕು.

ಇನ್ನು ದಿನದ ಕೆಲಸ. ಒಂದು ಹಿಡಿ ತೆಗೆದು ಹಿಂಡಿ, ಒಂದೆರಡು ಹನಿ ಬಂದರೆ ತೇವ ಸರಿ. ರಾಶಿಯ ಒಳಗೆ 55 ಡಿಗ್ರಿ ಮೀರಿದ ಬಿಸಿ 15 ದಿನ ನಿಲ್ಲಬೇಕು, ಅಷ್ಟರಲ್ಲಿ ಐದು ಸಲ ಮಗುಚಬೇಕು, ಆಗ ಕಳೆ ಬೀಜ ಸಾಯುತ್ತದೆ. ವಾಸನೆ ಬಂತು ಅಂದರೆ ಗಾಳಿ ಸಾಲದು, ಮಗುಚಿ ಒಣ ಎಲೆ ಬೆರೆಸಿ. ಮೂರ್ನಾಲ್ಕು ತಿಂಗಳಲ್ಲಿ ರಾಶಿ ಅರ್ಧಕ್ಕಿಂತ ಕೆಳಗಿಳಿದು ಮಣ್ಣಿನ ಘಮ ಬರುತ್ತದೆ. ಇನ್ನೊಂದು ತಿಂಗಳು ಹಾಗೇ ಬಿಟ್ಟು ಜರಡಿ ಹಿಡಿಯಿರಿ.

ಗೊಬ್ಬರ ಯಾರು ಒಯ್ಯುತ್ತಾರೆ ಅನ್ನುವುದನ್ನೂ ಅರ್ಜಿಯಲ್ಲೇ ಬರೆಯಿರಿ: ಪಾಲಿಕೆಯ ಉದ್ಯಾನಗಳು, ಸೊಸೈಟಿಗಳು, ತಾರಸಿ ತೋಟದವರು.