ಕಾಂಪೌಂಡ್ ಗೋಡೆಗೆ ಬೀದಿಯವರೆಲ್ಲ ಸೇರಿ ಬಣ್ಣ ಹಚ್ಚುವ ಕ್ರಮ

ಬೀದಿ ಗೋಡೆಯ ಚಿತ್ರ ಹಾಳಾಗುವುದು ಬಹುಪಾಲು ಹಿಂದಿನಿಂದ. ಮುಂದೆ ಬಿಸಿಲು, ಮಳೆ, ಪೋಸ್ಟರು, ಎಲೆಅಡಿಕೆ ಉಗುಳು ಇದ್ದೇ ಇರುತ್ತವೆ. ಅವಕ್ಕೆಲ್ಲ ಏನಾದರೊಂದು ಉಪಾಯ ಉಂಟು. ಆದರೆ ಗೋಡೆಯ ಆಚೆ ಬದಿಗೆ ಮಣ್ಣು ತುಂಬಿ, ಅಲ್ಲಿಂದ ತೇವ ಈಚೆಗೆ ಬರುತ್ತಿದ್ದರೆ ಎಷ್ಟು ದುಬಾರಿ ಪೇಂಟ್ ತಂದರೂ ಒಂದೆರಡು ಮಳೆಗಾಲದಲ್ಲಿ ಹಪ್ಪಳದ ಹಾಗೆ ಉಬ್ಬಿ ಏಳುತ್ತದೆ. ಅದಕ್ಕೇ ಬೆಂಗಳೂರಿನ ಬಡಾವಣೆಗಳಲ್ಲಿ ಈ ಕೆಲಸಕ್ಕೆ ಹೋದಾಗ ನಾವು ಮೊದಲು ಗೇಟು ದಾಟಿ ಒಳಗೆ ಹೋಗಿ ಗೋಡೆಯ ಹಿಂಬದಿ ನೋಡುತ್ತೇವೆ. ಚಿತ್ರದ ಮಾತು ಆಮೇಲೆ.

ಲೆಕ್ಕಕ್ಕೆ ಸುಲಭವಾಗಲೆಂದು ಒಂದು ಸರ್ಕಾರಿ ಶಾಲೆಯ ಕಾಂಪೌಂಡ್ ಇಟ್ಟುಕೊಳ್ಳೋಣ: 60 ಅಡಿ ಉದ್ದ, 7 ಅಡಿ ಎತ್ತರ, ಅಂದರೆ 420 ಚದರಡಿ. ಸಮುದಾಯ ಸೇರಿ ಮಾಡುವ ಕೆಲಸಕ್ಕೆ ಇದು ಹದವಾದ ಅಳತೆ. ಸಾರುವೆ ಕಟ್ಟಬೇಕಿಲ್ಲ, ಮೇಲಿನ ಭಾಗಕ್ಕೆ ಒಂದು ಬೆಂಚು ಸಾಕು. ಮೂರಂತಸ್ತಿನ ಗೋಡೆ ನೋಡಲು ಚೆನ್ನ, ಆದರೆ ಅಲ್ಲಿ ಬೀದಿಯವರು ಕೆಳಗೆ ನಿಂತು ನೋಡುವವರಾಗುತ್ತಾರೆ, ಬರೆಯುವವರಲ್ಲ. ಅಭ್ಯಾಸವಿಲ್ಲದವರನ್ನು ಸಾರುವೆ ಹತ್ತಿಸುವ ಪ್ರಶ್ನೆಯೇ ಇಲ್ಲ.

ಗೋಡೆ ಪರೀಕ್ಷೆಗೆ ದುಬಾರಿ ಉಪಕರಣ ಬೇಡ. ಎರಡಡಿ ಚೌಕದ ಪ್ಲಾಸ್ಟಿಕ್ ಹಾಳೆಯನ್ನು ನಾಲ್ಕೂ ಅಂಚಿಗೆ ಗಟ್ಟಿ ಟೇಪು ಹಾಕಿ ಗೋಡೆಗೆ ಅಂಟಿಸಿ, ಒಂದು ಹಗಲು ಒಂದು ರಾತ್ರಿ ಬಿಡಬೇಕು. ಒಳಮೈಯಲ್ಲಿ ಹನಿ ಕಟ್ಟಿದರೆ ಗೋಡೆಯೊಳಗೆ ನೀರಿದೆ. ಬೆರಳ ಗೆಣ್ಣಿನಿಂದ ಅಲ್ಲಲ್ಲಿ ಕುಟ್ಟಬೇಕು. ಪೊಳ್ಳು ಸದ್ದು ಬಂದ ಕಡೆ ಪ್ಲಾಸ್ಟರ್ ಇಟ್ಟಿಗೆಯನ್ನು ಬಿಟ್ಟಿದೆ, ಒಡೆದು ಹೊಸದಾಗಿ ಮೆತ್ತಬೇಕು. ಹಳೆ ಬಣ್ಣಕ್ಕೆ ಟೇಪು ಅಂಟಿಸಿ ಸರಕ್ಕನೆ ಎಳೆದಾಗ ಚಕ್ಕೆ ಬಂದರೆ ಆ ಬಣ್ಣವನ್ನು ನಂಬುವಂತಿಲ್ಲ. ಹೊಸ ಪ್ಲಾಸ್ಟರ್ ಆದರೆ ಕನಿಷ್ಠ 28 ದಿನ ಕಾಯಲೇಬೇಕು, ಇಲ್ಲದಿದ್ದರೆ ಸಿಮೆಂಟಿನ ಕ್ಷಾರ ಬಣ್ಣವನ್ನು ತಿನ್ನುತ್ತದೆ.

ನೆಲದಿಂದ ಒಂದೆರಡು ಅಡಿ ಎತ್ತರದಲ್ಲಿ ಅಲೆಅಲೆಯಾಗಿ ಬಿಳಿ ಪುಡಿ ಕಾಣಿಸಿದರೆ ಅದು ಉಪ್ಪು. ನೀರು ಗೋಡೆಯೊಳಗಿನ ಲವಣವನ್ನು ಕರಗಿಸಿ ಹೊರಗೆ ತಂದು, ತಾನು ಆರಿ, ಅದನ್ನು ಅಲ್ಲೇ ಬಿಟ್ಟು ಹೋಗಿರುತ್ತದೆ. ಇದನ್ನು ತೊಳೆಯಬಾರದು. ತೊಳೆದರೆ ಕರಗಿ ಮತ್ತೆ ಒಳಗೆ ಹೋಗುತ್ತದೆ. ಒಣಗಿದ ಬ್ರಷ್ಷಿನಿಂದಲೇ ಉಜ್ಜಿ, ಗುಡಿಸಿ ತೆಗೆಯಬೇಕು. ಹಿಂಬದಿಯ ಮಣ್ಣನ್ನು ಒಂದಡಿಯಾದರೂ ಸರಿಸಿ, ನೀರು ಹರಿದುಹೋಗಲು ದಾರಿ ಮಾಡಬೇಕು. ಅಲ್ಲಿ ಟ್ಯಾಪೋ ಗಿಡಗಳ ಸಾಲೋ ಇದ್ದರೆ ಹೆಡ್‌ಮಾಸ್ಟರ ಜೊತೆ ಮಾತಾಡಿ ಬದಲಿಸಬೇಕು. ಇದಕ್ಕೆ ಒಪ್ಪದ ಕಡೆ ನಾವು ಬೇರೆ ಗೋಡೆ ಹುಡುಕುತ್ತೇವೆ. ಪಾಚಿ ಕಟ್ಟಿದ್ದರೆ ಮಾತ್ರ ಬ್ಲೀಚಿಂಗ್ ಪುಡಿಯ ನೀರು ಬಳಿದು, ಹದಿನೈದು ಇಪ್ಪತ್ತು ನಿಮಿಷ ಬಿಟ್ಟು, ತಂತಿ ಬ್ರಷ್‌ನಲ್ಲಿ ಉಜ್ಜಿ ತೊಳೆದು, ಪೂರ್ತಿ ಆರಲು ಬಿಡುತ್ತೇವೆ.

ಹಳೆ ಬಣ್ಣ ಕೆರೆಯುವ ಕೆಲಸಕ್ಕೆ ಮಕ್ಕಳು ಬೇಡ. ಮನೆ ಪೇಂಟಿನಲ್ಲಿ ಸೀಸ 90 ಪಿಪಿಎಂ (ಹತ್ತು ಲಕ್ಷದಲ್ಲಿ 90 ಪಾಲು) ಮೀರಬಾರದೆಂಬ ನಿಯಮ ನಮ್ಮಲ್ಲಿ ಜಾರಿಗೆ ಬಂದದ್ದು 2017ರ ನವೆಂಬರ್‌ನಲ್ಲಿ. ಅದಕ್ಕೂ ಹಿಂದಿನ ಎನಾಮೆಲ್ (ಎಣ್ಣೆ ಬಣ್ಣ) ಪದರಗಳಲ್ಲಿ ಸೀಸ ಇದ್ದೀತು. ನೀರು ಚಿಮುಕಿಸಿ, ಮಾಸ್ಕ್ ಹಾಕಿಕೊಂಡು ದೊಡ್ಡವರೇ ಕೆರೆಯಬೇಕು. ಬಿರುಕುಗಳನ್ನು ಕೆರೆಯುವ ಲೋಹದ ಪಟ್ಟಿಯ ಮೂಲೆಯಿಂದ ‘ವಿ’ ಆಕಾರಕ್ಕೆ ಅಗಲಿಸಿ, ಹೊರಗೋಡೆಗೆಂದೇ ಬರುವ ಕ್ರ್ಯಾಕ್ ಪೇಸ್ಟ್ ತುಂಬಬೇಕು. ಒಳಗೋಡೆಯ ಪುಟ್ಟಿ ಅಗ್ಗವೆಂದು ತಂದರೆ ಮಳೆಗೆ ಹಿಟ್ಟಾಗುತ್ತದೆ.

ಅನುಮತಿ ಬಗ್ಗೆ ಹೆಚ್ಚು ಹೇಳುವುದಿಲ್ಲ, ಆದರೆ ಬಾಯಿಮಾತಿನ ಒಪ್ಪಿಗೆ ಸಾಲದು. 1981ರ ತೆರೆದ ಸ್ಥಳಗಳ ವಿರೂಪ ತಡೆ ಕಾಯ್ದೆ ಇರುವುದರಿಂದ ಕಾಗದದ ಮೇಲೆ ಸಹಿ ಬೇಕು. ಶಾಲೆಯದಾದರೆ ಮುಖ್ಯಶಿಕ್ಷಕರು ಮತ್ತು ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ), ರಸ್ತೆ ಬದಿಯದಾದರೆ ನಗರ ಪಾಲಿಕೆಯ ವಾರ್ಡ್ ಎಂಜಿನಿಯರ್. 2025ರ ಸೆಪ್ಟೆಂಬರ್‌ನಿಂದ ಬೆಂಗಳೂರಿನಲ್ಲಿ ಒಂದು ಬಿಬಿಎಂಪಿಯ ಜಾಗಕ್ಕೆ ಐದು ಪಾಲಿಕೆಗಳು ಬಂದಿವೆ. ಹಳೆ ಪತ್ರದ ನಮೂನೆಯಲ್ಲಿ ವಿಳಾಸ ಬದಲಿಸಿಕೊಳ್ಳಿ. ಪತ್ರದ ಜೊತೆ ಚಿತ್ರದ ಕರಡನ್ನೂ ಲಗತ್ತಿಸಿದರೆ ಮುಂದೆ ಯಾರಾದರೂ ತಕರಾರು ತೆಗೆದಾಗ ತೋರಿಸಲು ಆಗುತ್ತದೆ. ಅದೇ ಗೋಡೆಯಲ್ಲಿ ಟೆಲಿಫೋನ್ ಪೆಟ್ಟಿಗೆಯೋ ಬೆಸ್ಕಾಂ ಟ್ರಾನ್ಸ್‌ಫಾರ್ಮರೋ ಇದ್ದರೆ ಅದರ ಸುತ್ತ ಜಾಗ ಬಿಟ್ಟುಬಿಡಿ.

ಬೀದಿಯವರನ್ನು ‘ಏನು ಬರೆಯೋಣ’ ಎಂದು ಕೇಳಿದರೆ ಬರುವ ಉತ್ತರಗಳು ಎಲ್ಲ ಬಡಾವಣೆಯಲ್ಲೂ ಹೆಚ್ಚುಕಡಿಮೆ ಒಂದೇ: ಕೆಂಪೇಗೌಡರು, ಭುವನೇಶ್ವರಿ, ಒಬ್ಬ ನಟ, ಒಂದು ನವಿಲು. ತಪ್ಪೇನಿಲ್ಲ, ಆದರೆ ಆ ಬೀದಿಯದು ಅಂತ ಅದರಲ್ಲಿ ಏನೂ ಇರುವುದಿಲ್ಲ. ‘ಇಲ್ಲಿ ಮೊದಲು ಏನಿತ್ತು, ಈಗ ಬೆಳಗ್ಗೆ ಇಲ್ಲಿ ಯಾರ್ಯಾರು ಬರ್ತಾರೆ’ ಎಂದು ಕೇಳಿ ನೋಡಿ. ಆಗ ಮುಚ್ಚಿಹೋದ ಕುಂಟೆ ಬರುತ್ತದೆ, ಗುಂಡುತೋಪು ಬರುತ್ತದೆ, ಕರಗ ಹಾದುಹೋಗುವ ದಾರಿ ಬರುತ್ತದೆ, ನಿಂತುಹೋದ ಟೆಂಟ್ ಸಿನಿಮಾ ಬರುತ್ತದೆ. ಹೂ ಮಾರುವವರು, ಆಟೋ ಸ್ಟ್ಯಾಂಡಿನವರು, ಪೌರಕಾರ್ಮಿಕರು, ಇಸ್ತ್ರಿ ಗಾಡಿಯವರು, ಇವರನ್ನೆಲ್ಲ ಮೀಟಿಂಗಿಗೆ ಕರೆದರೆ ಬರುವುದಿಲ್ಲ, ಅವರಿರುವಲ್ಲಿಗೇ ಹೋಗಬೇಕು. ರೆಸಿಡೆಂಟ್ಸ್ ಅಸೋಸಿಯೇಷನ್ ಹಾಲಿನಲ್ಲಿ ಮಾತ್ರ ಕೂತು ತೀರ್ಮಾನಿಸಿದ ಚಿತ್ರವನ್ನು ಗೋಡೆಯ ಪಕ್ಕದಲ್ಲೇ ದಿನಗಳೆಯುವವರು ತಮ್ಮದೆಂದುಕೊಳ್ಳುವುದಿಲ್ಲ. ನಾಳೆ ಆ ಗೋಡೆಯನ್ನು ಕಾಯಬೇಕಾದವರೂ ಅವರೇ.

ಮೂತ್ರ ಮಾಡುವುದನ್ನು ತಡೆಯಲು ದೇವರ ಚಿತ್ರ ಹಾಕಿ ಎಂಬ ಸಲಹೆ ಖಂಡಿತ ಬರುತ್ತದೆ. ನಾವು ಹಾಕುವುದಿಲ್ಲ. ಪಕ್ಕದ ಎರಡಡಿ ಖಾಲಿ ಜಾಗಕ್ಕೆ ಆ ಚಾಳಿ ಸರಿದುಹೋಗುತ್ತದೆ, ಯಾವ ದೇವರು ಎಂಬ ಜಗಳ ಬೇರೆ. ದೀಪ ಹಾಕಿಸುವುದು, ಕಸದ ರಾಶಿ ತೆಗೆಸುವುದು, ಒಂದು ಕಲ್ಲುಬೆಂಚು ಇಡಿಸುವುದು ಅದಕ್ಕಿಂತ ಕೆಲಸಕ್ಕೆ ಬರುತ್ತದೆ.

ಇನ್ನು ಚಿತ್ರದ ಕಟ್ಟು. ಹತ್ತಾರು ಜನ ಬಣ್ಣ ಹಚ್ಚಬೇಕಾದ ಚಿತ್ರವನ್ನು ಹಾಗೆಂದೇ ಬಿಡಿಸಬೇಕು; ಚಂದದ ಚಿತ್ರ ಬರೆದು ಆಮೇಲೆ ಜನರನ್ನು ಕರೆದರೆ ಆಗದು. ನೆರಳು ಬೆಳಕಿನ ಮಿಶ್ರಣ ಬೇಡ, ಚಪ್ಪಟೆ ಬಣ್ಣ, ಸ್ಪಷ್ಟ ಗೆರೆ. ಬೆಂಗಳೂರಿನ ಬೀದಿಗಳನ್ನು ಚೊಕ್ಕಟ ಮಾಡುವ ‘ದಿ ಅಗ್ಲಿ ಇಂಡಿಯನ್’ ತಂಡದವರು ಫ್ಲೈಓವರ್ ಕಂಬಗಳಿಗೆ ಸರಳ ಜ್ಯಾಮಿತಿಯ ವಿನ್ಯಾಸ ಆರಿಸಿಕೊಂಡದ್ದರ ಲಾಭ ಇದೇ: ಬ್ರಷ್ ಹಿಡಿದು ಗೊತ್ತಿಲ್ಲದವರೂ ಒಂದು ತ್ರಿಕೋನ ತುಂಬಬಲ್ಲರು. 2016ರಿಂದ ಟ್ರಾನ್ಸ್‌ಜೆಂಡರ್ ಮಹಿಳೆಯರ ಜೊತೆ ಗೋಡೆ ಬರೆಯುತ್ತಿರುವ ಬೆಂಗಳೂರಿನ ಅರವಾನಿ ಆರ್ಟ್ ಪ್ರಾಜೆಕ್ಟ್‌ನ ದೊಡ್ಡ ಮುಖಗಳನ್ನು ಹತ್ತಿರ ನಿಂತು ನೋಡಿ, ಗಾಢ ಬಣ್ಣದ ತುಂಡುಗಳು ಹೇಗೆ ಕೂಡಿವೆ ಎಂದು ತಿಳಿಯುತ್ತದೆ.

ತುಂಡುಗಳ ಅಳತೆಗೆ ಕಾರಣವಿದೆ. ನೀರಿನಲ್ಲಿ ಬೆರೆಯುವ ಎಮಲ್ಷನ್ ಪೇಂಟ್ ಬೇಗ ಆರುತ್ತದೆ. ಆಕಾಶದ ನೀಲಿಯನ್ನು ಇಬ್ಬರು ಎರಡು ಕಡೆಯಿಂದ ಹಚ್ಚುತ್ತ ಬಂದರೆ, ಒಬ್ಬರ ಅಂಚು ಆರಿದ ಮೇಲೆ ಇನ್ನೊಬ್ಬರ ಬ್ರಷ್ ಅದರ ಮೇಲೆ ಹಾಯುತ್ತದೆ. ಕೂಡಿದ ಜಾಗದಲ್ಲಿ ಎರಡು ಪದರ, ಅಕ್ಕಪಕ್ಕ ಒಂದು. ಹತ್ತಿರದಿಂದ ಕಾಣದು, ರಸ್ತೆಯ ಆಚೆ ಬದಿಯಿಂದ, ಸಂಜೆಯ ಓರೆ ಬಿಸಿಲಿನಲ್ಲಿ, ಪಟ್ಟೆಪಟ್ಟೆಯಾಗಿ ಎದ್ದು ಕಾಣುತ್ತದೆ. ಹಾಗಾಗಿ ಜನರಿಗೆ ಕೊಡುವ ಯಾವ ತುಂಡೂ ಎರಡಡಿ ಚೌಕ ಮೀರದಂತೆ ಗೆರೆ ಹಾಕುತ್ತೇವೆ, ಒಂದು ತುಂಡು ಒಬ್ಬರ ಕೈಯಲ್ಲೇ ಮುಗಿಯುತ್ತದೆ. ದೊಡ್ಡ ಹಿನ್ನೆಲೆ ಇದ್ದರೆ ಅನುಭವಿಗಳಿಬ್ಬರು ಹಿಂದಿನ ದಿನವೇ ರೋಲರ್‌ನಲ್ಲಿ, ಎಲ್ಲೂ ನಿಲ್ಲಿಸದೆ, ಒಂದು ಕಡೆಯಿಂದ ಎಳೆದು ಮುಗಿಸಿರಬೇಕು.

ಮಲೆನಾಡಿನ ಮನೆಗೋಡೆಗಳ ಮೇಲೆ ಬರೆಯುವ ಹಸೆ ಚಿತ್ತಾರವನ್ನು ‘ನಮ್ಮ ಕಲೆ’ ಎಂದು ಅಂಚಿಗೆ ಅಲಂಕಾರವಾಗಿ ತುಂಬುವುದು ಈಗ ರೂಢಿ. ಅದನ್ನು ಬಲ್ಲ ದೀವರ ಸಮುದಾಯದ ಹೆಣ್ಣುಮಕ್ಕಳನ್ನು ಕರೆಸಿ, ಕೂಲಿ ಕೊಟ್ಟು ಬರೆಸಿದರೆ ಸರಿ. ಇಂಟರ್‌ನೆಟ್‌ನಿಂದ ನಕಲು ಮಾಡಿ ಗೆರೆಗಳ ಅರ್ಥ ಕೆಡಿಸುವುದಕ್ಕಿಂತ ಬಿಡುವುದು ಮೇಲು. ಅದರ ಬಣ್ಣಗಳಿಂದ ಮಾತ್ರ ಕಲಿಯುವುದಿದೆ. ಕೆಮ್ಮಣ್ಣಿನ ಕೆಂಪು ಕಬ್ಬಿಣದ ಆಕ್ಸೈಡ್, ಬಿಸಿಲಿಗೆ ಬಗ್ಗುವುದಿಲ್ಲ. ಹೊರಗೋಡೆಯ ಪೇಂಟಿನಲ್ಲೂ ಹಾಗೆಯೇ: ಇಟ್ಟಿಗೆ ಕೆಂಪು, ಕಾವಿ, ಮಣ್ಣಿನ ಹಳದಿ, ಕಪ್ಪು ವರ್ಷಾನುಗಟ್ಟಲೆ ಇರುತ್ತವೆ, ಥಳಥಳ ಗುಲಾಬಿ, ನೇರಳೆ, ನಿಂಬೆ ಹಳದಿ ಪಶ್ಚಿಮದ ಬಿಸಿಲಿಗೆ ಬೇಗ ಸೋಲುತ್ತವೆ.

ಕಾಗದದ ಕರಡನ್ನು ಗೋಡೆಗೆ ಏರಿಸಲು ಒಂದಂಗುಲಕ್ಕೆ ಒಂದಡಿ ಲೆಕ್ಕ ಹಿಡಿದರೆ ತಲೆಬಿಸಿಯಿಲ್ಲ. ನಮ್ಮ 60 ಅಡಿ ಗೋಡೆ ಕಾಗದದ ಮೇಲೆ 60 ಅಂಗುಲ. ಎ3 ಹಾಳೆ ಅಡ್ಡಕ್ಕೆ 16.5 ಅಂಗುಲ ಇರುವುದರಿಂದ, ತಲಾ 15 ಅಂಗುಲ ಬಳಸಿದರೆ ನಾಲ್ಕೇ ಹಾಳೆ. ಕಾಗದದಲ್ಲಿ ಅಂಗುಲದ ಚೌಕ, ಗೋಡೆಯಲ್ಲಿ ಅಡಿಯ ಚೌಕ. ದಾರಕ್ಕೆ ಬಿಳಿ ಅಥವಾ ನೀಲಿ ಚಾಕ್‌ಪುಡಿ ಸವರಿ, ಇಬ್ಬರು ಎರಡು ತುದಿ ಬಿಗಿಹಿಡಿದು, ನಡುವೆ ಎಳೆದು ಬಿಟ್ಟರೆ ಗೆರೆ ಮೂಡುತ್ತದೆ. ಕೆಂಪು ಪುಡಿ ಬೇಡ, ಕಲೆ ಉಳಿಯುತ್ತದೆ. ನೆಲ ಇಳಿಜಾರಿದ್ದರೆ ನೆಲದಿಂದ ಅಳೆಯಬೇಡಿ, ನೀರಿನ ಲೆವೆಲ್ ಪೈಪು ಹಿಡಿದು ಒಂದು ಮಟ್ಟದ ಗೆರೆ ಹಾಕಿ ಅಲ್ಲಿಂದ ಮೇಲೆ ಕೆಳಗೆ ಅಳೆಯಿರಿ. ಪ್ರೊಜೆಕ್ಟರ್ ಸಲೀಸು ಎನ್ನುವವರಿದ್ದಾರೆ. ಇಪ್ಪತ್ತಡಿ ರಸ್ತೆಯಲ್ಲಿ ಅದಕ್ಕೆ ಬೇಕಾದ ದೂರ ಸಿಗುವುದಿಲ್ಲ, ಬೀದಿದೀಪದ ಬೆಳಕಿಗೆ ಚಿತ್ರವೂ ಕಾಣುವುದಿಲ್ಲ. ಅಂತಿಮ ಗೆರೆಯನ್ನು ನೀರು ಮಾಡಿದ ಮಣ್ಣಿನ ಹಳದಿ ಪೇಂಟಿನಲ್ಲಿ ಎಳೆಯುತ್ತೇವೆ. ಪರ್ಮನೆಂಟ್ ಮಾರ್ಕರ್ ಮುಟ್ಟಲೇಬೇಡಿ, ಎಷ್ಟು ಪದರ ಹಚ್ಚಿದರೂ ಇಣುಕುತ್ತದೆ.

ಬಣ್ಣದ ಲೆಕ್ಕ: ಹೊರಗೋಡೆಯ ಪ್ರೈಮರ್ ಒಂದು ಕೋಟ್‌ (ಪದರ), 5 ಲೀಟರ್. ತಳಕ್ಕೆ ಬಿಳಿ ಎಕ್ಸ್‌ಟೀರಿಯರ್ ಎಮಲ್ಷನ್ ಎರಡು ಕೋಟ್, ಎರಡೂ ಸೇರಿ ಲೀಟರಿಗೆ 50–60 ಚದರಡಿಯಂತೆ 8 ಲೀಟರ್. 10 ಲೀಟರಿನ ಬಕೆಟ್ ತಂದರೆ ಉಳಿದದ್ದು ತಿಳಿಬಣ್ಣ ಕಲಸಲು. ಮೇಲಿನ ಚಿತ್ರಕ್ಕೆ ಏಳು ಬಣ್ಣ ಸಾಕು: ಮುಖ್ಯ ಬಣ್ಣ 4 ಲೀಟರ್, ಉಳಿದ ಆರು ತಲಾ 1 ಲೀಟರ್. ಗಾಢ ಬಣ್ಣಗಳನ್ನು ಅಂಗಡಿಯ ಮಷೀನಿನಲ್ಲೇ ಕಲಸಿಸಿ, ಮುಚ್ಚಳದ ಶೇಡ್ ನಂಬರ್ ಬರೆದಿಟ್ಟುಕೊಳ್ಳಿ. ಬಿಳಿಗೆ ಕೆಂಪು ಸ್ಟೇನರ್ (ಪೇಂಟಿಗೆ ಕಲಸುವ ಗಾಢ ಬಣ್ಣದ ದ್ರವ) ಸುರಿದರೆ ಗುಲಾಬಿ ಬರುತ್ತದೆಯೇ ಹೊರತು ಕೆಂಪು ಬರುವುದಿಲ್ಲ. ಲೀಟರಿಗೆ 30–40 ಎಂಎಲ್ ಮೀರಿ ಸ್ಟೇನರ್ ಹಾಕಿದರೆ ಪೇಂಟ್ ಸರಿಯಾಗಿ ಆರದೆ ಮಳೆಗೆ ಇಳಿಯುತ್ತದೆ. ಕೆಂಪು, ಹಳದಿ ಎರಡೂ ತಳವನ್ನು ಸರಿಯಾಗಿ ಮುಚ್ಚದ ಬಣ್ಣಗಳು, ಮೂರು ಕೋಟ್ ಬೇಕಾದೀತು. ಡಿಸ್ಟೆಂಪರ್ ತೊಳೆದುಹೋಗುತ್ತದೆ, ಎನಾಮೆಲ್ ಸಿಮೆಂಟ್ ಗೋಡೆಯ ಮೇಲೆ ಸುಲಿಯುತ್ತದೆ. ಎರಡನ್ನೂ ದಾನವಾಗಿ ಕೊಟ್ಟರೂ ತೆಗೆದುಕೊಳ್ಳಬಾರದು.

ಕೆಳಗಿನ ಒಂದೂವರೆ ಅಡಿಯಲ್ಲಿ ಚಿತ್ರ ಬೇಡ. ಅಲ್ಲಿಗೆ ಕಾವಿಯೋ ಕಡುಗಂದೋ ಬಳಿದುಬಿಡಿ. ರಸ್ತೆಯ ಕೆಸರು, ನಾಯಿ, ಉಗುಳು, ಎಲ್ಲವೂ ಅಲ್ಲೇ. ಖಾಲಿ ಬಿಳಿ ಜಾಗ ಎಲ್ಲಿದ್ದರೂ ಪೋಸ್ಟರ್ ಅಂಟುತ್ತದೆ. 2018ರಲ್ಲಿ ಫ್ಲೆಕ್ಸ್ ನಿಷೇಧವಾದ ಮೇಲೂ ಕಾಗದದ ಪೋಸ್ಟರುಗಳೇನೂ ನಿಂತಿಲ್ಲ. ಗೋಡೆಯ ಒಂದು ತುದಿಯಲ್ಲಿ ನಾಲ್ಕಡಿಗೆ ಮೂರಡಿಯ ಜಾಗವನ್ನು ಬೀದಿಯ ಸೂಚನಾ ಫಲಕವೆಂದೇ ಬಿಟ್ಟರೆ ಶ್ರದ್ಧಾಂಜಲಿ, ಟ್ಯೂಷನ್, ಬಾಡಿಗೆ ಮನೆ ಚೀಟಿಗಳೆಲ್ಲ ಅಲ್ಲಿಗೆ ಹೋಗುತ್ತವೆ.

ದಿನ ಗೊತ್ತುಮಾಡುವಾಗ ಡಿಸೆಂಬರ್‌ನಿಂದ ಮಾರ್ಚ್ ಒಳ್ಳೆಯದು. ಜನವರಿಯಲ್ಲಿ ಬೆಳಗಿನ ಇಬ್ಬನಿ ಆರುವವರೆಗೆ, ಎಂಟೂವರೆವರೆಗಾದರೂ, ಕಾಯಬೇಕು. ಏಪ್ರಿಲ್ ಮೇನಲ್ಲಿ ಸಂಜೆ ಮಳೆ ನಾಲ್ಕು ಗಂಟೆಯ ಬಣ್ಣವನ್ನು ಚರಂಡಿಗೆ ಇಳಿಸುತ್ತದೆ. ನಡುಮಧ್ಯಾಹ್ನ ಗೋಡೆ ಕಾದಿರುವಾಗ ಯಾವ ತಿಂಗಳಲ್ಲೂ ಬೇಡ, ಬ್ರಷ್ ಎಳೆಯುವ ಮೊದಲೇ ಬಣ್ಣ ಆರಿ ಗೀರು ಉಳಿಯುತ್ತದೆ.

ಒಬ್ಬರಿಗೆ ನಾಲ್ಕಡಿ ಜಾಗ ಬೇಕು. 60 ಅಡಿಗೆ ಒಂದು ಸಲಕ್ಕೆ ಹದಿನೈದು ಜನ. ಹೆಚ್ಚು ಬಂದರೆ ಎರಡು ತಂಡ, ತಲಾ ಎರಡು ಗಂಟೆ. ಪ್ರತಿ ತುಂಡಿನೊಳಗೆ ಚಾಕ್‌ನಲ್ಲಿ ನಂಬರ್, ಬಣ್ಣದ ಡಬ್ಬಿಯ ಮೇಲೂ ಅದೇ ನಂಬರ್. ಐಸ್‌ಕ್ರೀಮ್ ಡಬ್ಬಿಯಲ್ಲಿ 100 ಎಂಎಲ್ ಮಾತ್ರ ಹಾಕಿ ಕೊಡುವುದು; ಪೇಪರ್ ಕಪ್ ಮೆತ್ತಗಾಗಿ ಮಗುಚುತ್ತದೆ. ಒಂದು ಬಣ್ಣಕ್ಕೆ ಹಾಕಿದ ಬ್ರಷ್ ಆ ದಿನ ಆ ಬಣ್ಣಕ್ಕೇ. ಒಂದಂಗುಲದ ಬ್ರಷ್ ಹೆಚ್ಚು ಬೇಕು, ಎರಡಂಗುಲದ್ದು ಕೆಲವು, ನಾಲ್ಕಂಗುಲದ ರೋಲರ್ ಎರಡು. ತಿಳಿ ಬಣ್ಣ ಮೊದಲು, ಗಾಢ ಆಮೇಲೆ. ಗೆರೆಗೆ ಅರ್ಧ ಅಂಗುಲ ಈಚೆಗೇ ನಿಲ್ಲಿಸಿ ಎಂದು ಹೇಳಿದರೆ ಸಾಕು, ಅಂಚು ಕಟ್ಟುವುದನ್ನು ಕೈ ಪಳಗಿದ ಮೂರು ನಾಲ್ಕು ಜನ ಮರುದಿನ ಮಾಡುತ್ತಾರೆ. ಮಕ್ಕಳು ಹಚ್ಚಿದ್ದನ್ನು ಪೂರ್ತಿ ತಿದ್ದಿ ಅಳಿಸುವವರಿದ್ದಾರೆ. ಅಂಚು ಸರಿಮಾಡಿ, ಒಳಗಿನದನ್ನು ಮುಟ್ಟಬೇಡಿ; ಮರುವಾರ ಆ ಮಗು ತನ್ನ ಎಲೆಯನ್ನು ಹುಡುಕಿಕೊಂಡು ಬರುತ್ತದೆ.

ಅಕ್ಷರಗಳಿಗೆ ಬೋರ್ಡ್ ಬರೆಯುವ ಪೇಂಟರೇ ಬೇಕು. 2009ರಲ್ಲಿ ಬಿಬಿಎಂಪಿ ಬೆಂಗಳೂರಿನ ಗೋಡೆಗಳನ್ನು ಬರೆಸಿದ್ದು ಫ್ಲೆಕ್ಸ್‌ನಿಂದ ಕೆಲಸ ಕಳೆದುಕೊಂಡಿದ್ದ ಸಿನಿಮಾ ಬ್ಯಾನರ್, ಬೋರ್ಡ್ ಕಲಾವಿದರಿಂದಲೇ. ಒತ್ತಕ್ಷರಕ್ಕೆ ಎಷ್ಟು ಜಾಗ ಬಿಡಬೇಕು ಎಂಬುದು ಅವರ ಕೈಗೆ ಗೊತ್ತು. ಉಳಿದವರು ಪುಕ್ಕಟೆ ಬಂದರೂ ಅವರಿಗೆ ದಿನಗೂಲಿ ಕೊಡಲೇಬೇಕು.

ಮನೆ ಬಿಟ್ಟು ಬರಲಾಗದ ವೃದ್ಧರಿಗೆ ಅಮೆರಿಕದ ಫಿಲಡೆಲ್ಫಿಯಾದ ಮ್ಯೂರಲ್ ಆರ್ಟ್ಸ್‌ನವರ ದಾರಿ ಇದೆ: ತೆಳು ನೇಯದ ಬಟ್ಟೆಯ ಐದಡಿ ಚೌಕಗಳ ಮೇಲೆ ಒಳಗೆ ಕೂತೇ ಬರೆದು, ಆಮೇಲೆ ಅಕ್ರಿಲಿಕ್ ಜೆಲ್‌ನಿಂದ ಗೋಡೆಗೆ ಅಂಟಿಸುವುದು. ಗೋಡೆ ಚೂರೂ ತೇವವಿಲ್ಲದಿದ್ದರೆ ಮಾತ್ರ ಇದು ಆಗುವ ಮಾತು.

ಬ್ರಷ್ ತೊಳೆದ ನೀರನ್ನು ಮೋರಿಗೋ ಮರದ ಬುಡಕ್ಕೋ ಸುರಿಯಬಾರದು. ಡ್ರಮ್ಮಿನಲ್ಲಿ ರಾತ್ರಿ ಬಿಟ್ಟರೆ ಬಣ್ಣ ತಳಕ್ಕೆ ಕೂರುತ್ತದೆ. ಮೇಲಿನ ನೀರನ್ನು ಮರುದಿನ ಮೊದಲ ತೊಳೆತಕ್ಕೆ ಬಳಸಿ, ಕೊನೆಯ ಗಸಿಯನ್ನು ಒಣಗಿಸಿ ಕಸಕ್ಕೆ ಕೊಡುತ್ತೇವೆ. ಕೊನೆಯಲ್ಲಿ ಮೇಲೆ ಪಾರದರ್ಶಕ ಕೋಟ್ ಬೇಕೇ ಎಂದು ಎಲ್ಲರೂ ಕೇಳುತ್ತಾರೆ. ಎರಡೂ ಬದಿ ಒಣಗಿರುವ ಗೋಡೆಗೆ ಹೊರಗಿನ ಬಳಕೆಯ ಅಕ್ರಿಲಿಕ್ ಕ್ಲಿಯರ್ ತೆಳ್ಳಗೆ ಒಂದು ಕೋಟ್ ಒಳ್ಳೆಯದೇ. ಹಿಂದೆ ಮಣ್ಣಿರುವ ಕಾಂಪೌಂಡಿಗೆ ಬೇಡ. ಹೊರಬರುವ ತೇವಕ್ಕೆ ದಾರಿ ಮುಚ್ಚಿ, ಅದು ಒಳಗಿಂದ ಗುಳ್ಳೆ ಎಬ್ಬಿಸುತ್ತದೆ.

ಪ್ರತಿ ಬಣ್ಣದಲ್ಲೂ ಕಾಲು ಲೀಟರ್ ಉಳಿಸಿ, ಗಾಳಿಯಾಡದ ಡಬ್ಬಿಯಲ್ಲಿ ಹಾಕಿ, ಶೇಡ್ ನಂಬರ್ ಮತ್ತು ತಿಂಗಳು ಬರೆದು ಶಾಲೆಯಲ್ಲೋ ಎದುರಿನ ಅಂಗಡಿಯಲ್ಲೋ ಇಡಿಸಿ. ಮೊದಲ ಮಳೆಗಾಲ ಮುಗಿದ ಮೇಲೆ, ನವೆಂಬರ್ ಹೊತ್ತಿಗೆ, ಗುಳ್ಳೆ ಬಂದ ಕಡೆ ಕೆರೆದು ತೇಪೆ ಹಾಕಲು ಇಷ್ಟು ಸಾಕು. ಆ ನಾಲ್ಕು ಎ3 ಹಾಳೆಗಳ ಒಂದು ಪ್ರತಿಯೂ ಅದೇ ಜಾಗದಲ್ಲಿರಲಿ. ನೀರಿನ ಪೈಪು ಹಾಕಲು ಗೋಡೆ ಒಡೆದು ಮತ್ತೆ ಕಟ್ಟಿದರೆ, ಯಾವ ಚೌಕದಲ್ಲಿ ಏನಿತ್ತು ಎಂದು ನೋಡಿ ಆ ಭಾಗವಷ್ಟನ್ನೇ ಮತ್ತೆ ಬರೆಯಬಹುದು, 28 ದಿನ ಕಾದು.