ಟ್ವೆಂಟಿನೈನರ್ ಬೋಟ್ ಪಲ್ಟಿ ಆಗ್ಲಾರದಂಗ ಓಡ್ಸೋದು ಹ್ಯಾಂಗ

ಮೊದ್ಲೇ ಹೇಳಿಬಿಡ್ತೀನಿ, ಈ ಹಾಯಿ ಬೋಟ್ ನಿಂತಾಗ ಬೀಳ್ತದ, ಓಡುವಾಗ ನಿಲ್ತದ. ಇದು ತಲ್ಯಾಗ ಕೂಡೋತನಕ ಎಷ್ಟು ಪ್ರಾಕ್ಟೀಸ್ ಮಾಡಿದ್ರೂ ನೀರಾಗ ಬೀಳೋದು ತಪ್ಪಂಗಿಲ್ಲ, ಕೂತ ಮ್ಯಾಲ ಬಾಕಿ ಎಲ್ಲಾ ತಾನೇ ಬರ್ತದ.

ನಾನು ಬೀದರ್‌ನವ, ನನ್ನ ಜೋಡಿ ಬೋಟ್‌ನಾಗ ಇರೋ ಗೆಳೆಯ ಕಲಬುರಗಿಯವ. ನಮ್ಮ ಕಡಿ ಸೈಲಿಂಗ್ ಕಲೀಬೇಕಂದ್ರ ಹತ್ರ ಇರೋದು ಹೈದರಾಬಾದ್‌ನ ಹುಸೇನ್ ಸಾಗರನೇ, ಬೀದರ್‌ನಿಂದ ಸುಮಾರು 140 ಕಿಲೋಮೀಟರ್, ಕಲಬುರಗಿಯಿಂದ 220ರ ಮ್ಯಾಲ. ಶನಿವಾರ ಹೋಗಿ ಐತವಾರ ರಾತ್ರಿ ವಾಪಸ್ ಬರ್ತೀವಿ. ಮೊದ್ಲ ಇಬ್ರೂ ಲೇಸರ್ ಓಡಿಸಿದ್ವಿ, ಈಗ ಅದಕ್ಕ ಇಲ್ಕಾ ಅಂತಾರ, ಒಬ್ರೇ ಓಡಿಸೋ ಬೋಟ್. ನೀವೂ ಅದರಿಂದನೇ ಶುರು ಮಾಡ್ರಿ. ಕಮ್ಮಿ ಅಂದ್ರೂ ಒಂದು ಸೀಸನ್ ಲೇಸರ್ ಓಡಿಸಿ ಗಾಳಿ ಎಲ್ಲಿಂದ ಬರ್ತದ ಅನ್ನೋದು ಕಣ್ಣು ಮುಚ್ಚಿದ್ರೂ ಗೊತ್ತಾಗಬೇಕು, ಆಮ್ಯಾಲ ಟ್ವೆಂಟಿನೈನರ್‌ಗೆ ಕೈ ಹಾಕ್ರಿ.

ಟ್ವೆಂಟಿನೈನರ್ ಅಂದ್ರ ಸುಮಾರು 4.4 ಮೀಟರ್ ಉದ್ದದ ಇಬ್ಬರ ಬೋಟ್, ಜೂಲಿಯನ್ ಬೆಥ್ವೇಟ್ ಅಂಬೋ ಆಸ್ಟ್ರೇಲಿಯಾದವ್ರು ಡಿಸೈನ್ ಮಾಡಿದ್ದು. ಇದರ ಅಣ್ಣ ಫಾರ್ಟಿನೈನರ್, ಅದೂ ಅವ್ರದೇ ಡಿಸೈನ್, 2000ದ ಸಿಡ್ನಿಯಿಂದ ಒಲಿಂಪಿಕ್ಸ್‌ನಾಗ ಅದ. ನಮ್ಮ ದೇಶದ ವರುಣ್ ಠಕ್ಕರ್ ಮತ್ತ ಕೆ.ಸಿ. ಗಣಪತಿ ಜೋಡಿ ಅದರಾಗೇ 2018ರ ಏಷ್ಯನ್ ಗೇಮ್ಸ್‌ನಾಗ ಕಂಚು ತಂದು 2021ರಾಗ ಟೋಕಿಯೋ ಒಲಿಂಪಿಕ್ಸ್‌ಗೂ ಹೋದ್ರು. ಅಣ್ಣನ ಬೋಟ್‌ನಾಗ ಇಬ್ರೂ ಟ್ರಾಪೀಜ್ ತಂತಿಗೆ ಜೋತುಬಿದ್ದು ಹೊರಗ ನಿಲ್ತಾರ, ತಮ್ಮನ ಬೋಟ್‌ನಾಗ ಕ್ರೂ, ಅಂದ್ರ ಹಾಯಿ ಹಗ್ಗ ನೋಡ್ಕೊಳ್ಳೋ ಜೋಡಿದಾರ, ಒಬ್ಬನೇ ಹೊರಗ ನಿಲ್ಲೋದು, ಹೆಲ್ಮ್ ಅಂದ್ರ ಟಿಲ್ಲರ್ (ಬೋಟ್ ತಿರುಗಿಸೋ ಹಿಡಿಕಿ) ಹಿಡಿಯೋನು ಅಂಚಿನ ಮ್ಯಾಲ ಕೂತು ಮೈ ಹೊರಗ ಚಾಚ್ತಾನ. ಬೋಟ್ ಸಣ್ಣದು, ಹಗೂರ, ಮಾಸ್ಟ್ ಅಂದ್ರ ಹಾಯಿ ಕಂಬ ಎತ್ತರ, ಕೆಳಗ ಬೋಟ್ ನೆಟ್ಟಗ ಹಿಡಿಯೋ ಭಾರದ ಕೀಲ್ ಇಲ್ಲ, ಸುಮ್ಕ ನೀರಾಗ ಬಿಟ್ರ ತಾನೇ ಮಕ್ಕೊಳ್ತದ. ಭಾರ ಅಂದ್ರ ನಿಮ್ಮಿಬ್ಬರ ಮೈನೇ.

ಮೊದ್ಲ ದಿನ ಎಂಥಾ ಗಾಳ್ಯಾಗ ಇಳೀಬೇಕು ಅನ್ನೋದು ಭಾಳ ಮುಖ್ಯ. 6ರಿಂದ 10 ನಾಟ್ ಇದ್ರ ಸಾಕು, 10 ನಾಟ್ ಅಂದ್ರ ಗಂಟೆಗೆ ಸುಮಾರು 18.5 ಕಿಲೋಮೀಟರ್. 8 ಇದ್ದದ್ದು 12 ಆದ್ರ ಏನು ನಾಲ್ಕೇ ನಾಟ್ ಜಾಸ್ತಿ ಅಂತ ಅನ್ಕೋಬ್ಯಾಡ್ರಿ, ಗಾಳಿ ಒತ್ತೋ ಜೋರು ವೇಗದ ವರ್ಗದ ಲೆಕ್ಕದಾಗ ಏರ್ತದ, ಅಂದ್ರ ಹಾಯಿ ಮ್ಯಾಲ ಬೀಳೋ ಒತ್ತಡ ಎರಡೂಕಾಲು ಪಟ್ಟು. ಜೂನ್ ಜುಲೈನಾಗ ಮುಂಗಾರು ಗಾಳಿ ನಮ್ಮ ಡೆಕ್ಕನ್ ಮ್ಯಾಲ ಜೋರಾಗಿ ಬೀಸ್ತದ, ಕಲಿತವ್ರಿಗೆ ಅದು ಹಬ್ಬ, ಹೊಸಬ್ರು ಮಾತ್ರ ಆವಾಗ ಮುಂಜಾನಿ ಲಗೂನೆ ಇಳೀಬೇಕು, ಮಧ್ಯಾಹ್ನಕ್ಕ ಗಾಳಿ ಏರೂದ್ರಾಗ ದಂಡಿಗೆ ಬಂದಿರಬೇಕು.

ಇನ್ನ ಗಾಳಿ ನೋಡೋದು. ಇದರಾಗ ನಮ್ಮ ಕಡಿಯವ್ರಿಗೆ ಒಂದು ಲಾಭ ಅದ ಖರೇನೇ ಹೇಳ್ತೀನಿ, ಜೋಳದ ಹೊಲ ನೋಡಿ ಬೆಳೆದವ್ರು ನಾವು. ತೆನಿ ಬಂದ ಹೊಲದ ಮ್ಯಾಲ ಗಾಳಿ ಬಂತಂದ್ರ ಆ ತುದಿಯಿಂದ ತೆನಿ ಬಾಗ್ಕೊಂತ ಬಾಗ್ಕೊಂತ ಒಂದು ಪಟ್ಟಿ ನಿಮ್ಮ ಕಡಿ ಓಡಿ ಬರ್ತದಲ್ಲ, ನೀರಿನ ಮ್ಯಾಲನೂ ಹಂಗೇ, ಸಣ್ಣ ಸಣ್ಣ ಅಲಿ ಎದ್ದು ನೀರು ಕಪ್ಪಾಗಿ ಕಾಣ್ತದ, ಆ ಕಪ್ಪು ಪಟ್ಟಿನೇ ಗಾಳಿ ಝೋಕು. ಅದು ಬೋಟ್ ಮುಟ್ಟೋಕಿಂತ ಮೊದ್ಲ ಕಾಣಬೇಕು. ಹುಸೇನ್ ಸಾಗರದ ಸುತ್ತ ಬಿಲ್ಡಿಂಗ್ ಅವ, ಗಾಳಿ ಅವಕ್ಕ ಬಡಿದು ಮುರಿದು ದಿಕ್ಕು ಬದಲಿಸಿ ಬರ್ತದ, ಅದಕ್ಕ ಅಲ್ಲಿ ಒಬ್ರ ಕಣ್ಣು ಸದಾ ನೀರಿನ ಮ್ಯಾಲೇ ಇರ್ಬೇಕು. ನಮ್ಮ ಬೋಟ್‌ನಾಗ ಅದು ಕ್ರೂ ಕೆಲಸ, ಅವ "ಬಂತು, ಮೂರು, ಎರಡು, ಒಂದು" ಅಂತಾನ, ಒಂದು ಅನ್ನೂದ್ರಾಗ ನಾನು ರೆಡಿ. ಕೋಚ್ ಇಂಗ್ಲೀಷ್‌ನಾಗ ಕಲಿಸಿದ್ರು, ಆದ್ರ ಗಡಬಡ್ಯಾಗ ಬಾಯಿಗೆ ಬರೋದು ತಾಯಿ ಭಾಷಾನೇ, ಅದಕ್ಕ ನಾವು "ಎಳಿ", "ಬಿಡು", "ಹೊರಗ", "ಹಿಂದ" ಈ ನಾಲ್ಕೇ ಮಾತು ಇಟ್ಕೊಂಡೀವಿ. ನೀವೂ ಮೊದ್ಲ ಕೂತು ಮಾತು ಗೊತ್ತು ಮಾಡ್ಕೋರಿ, ಬೋಟ್‌ನಾಗ ಉದ್ದನೆ ವಾಕ್ಯ ಮುಗಿಯೂದ್ರಾಗ ನೀರಾಗ ಇರ್ತೀರಿ.

ಗಾಳಿಗೆ ಎದುರಾಗಿ ಹೋಗುವಾಗ ಬೋಟ್ ಸಪಾಟ ಇರ್ಬೇಕು, ಜರಾನೂ ವಾಲಬಾರ್ದು. ವಾಲಿದ್ರ ರಡ್ಡರ್, ಅಂದ್ರ ಹಿಂದಿನ ಚುಕ್ಕಾಣಿ ಹಲಗಿ, ನೀರಿಂದ ಮ್ಯಾಲ ಎದ್ದು ಹಿಡಿತ ಬಿಡ್ತದ, ಬೋಟ್ ತಾನೇ ಗಾಳಿ ಕಡಿ ತಿರುಗಿ ನಿಂತುಬಿಡ್ತದ, ನಿಂತ್ರ ಮುಗೀತು. ಝೋಕು ಬಂದಾಗ ಕ್ರೂ ಮೇನ್‌ಶೀಟ್ ಅಂದ್ರ ದೊಡ್ಡ ಹಾಯಿ ಹಗ್ಗ ಬಿಡಬೇಕು, ಹೆಲ್ಮ್ ಅದೇ ಹೊತ್ತಿಗೆ ಕೂದಲೆಳಿಯಷ್ಟು ಗಾಳಿ ಕಡಿ ತಿರುಗಿಸಬೇಕು, ಬೋಟ್ ಸಪಾಟ ಆದ ತಕ್ಷಣ ಮತ್ತ ಎಳೀಬೇಕು. ಪತಂಗ ಹಾರಿಸಿದವ್ರಿಗೆ ಇದು ಗೊತ್ತದ, ಜೋರು ಗಾಳಿ ಬಂದಾಗ ಮಾಂಜಾ ಗಟ್ಟಿ ಹಿಡಿದು ನಿಂತ್ರ ಹರೀತದ, ಬಿಟ್ಟು ಬಿಟ್ಟು ಎಳೀಬೇಕು. ಹೌದು, ಮೇನ್‌ಶೀಟ್ ಕ್ರೂ ಕೈಯಾಗೇ ಇರ್ಲಿ, ಟ್ರಾಪೀಜ್ ಮ್ಯಾಲ ನಿಂತವಗ ಬೋಟ್ ಅಲುಗಾಡೋದು ಮೊದ್ಲ ಕಾಲಿಗೆ ಗೊತ್ತಾಗ್ತದ. ಗಾಳಿ ಒಂದೇ ಸಮನ ಜೋರಿದ್ರ ಕಿಕ್ಕರ್ (ಬೂಮ್, ಅಂದ್ರ ಹಾಯಿ ಕೆಳಗಿನ ಅಡ್ಡ ಕೋಲು, ಮ್ಯಾಲ ಏಳದಂಗ ಹಿಡಿಯೋ ಹಗ್ಗ) ಮತ್ತ ಕನ್ನಿಂಗ್‌ಹ್ಯಾಮ್ (ಹಾಯಿ ಮುಂದಿನ ಅಂಚು ಕೆಳಗ ಎಳೆಯೋ ಹಗ್ಗ) ಎರಡೂ ಬಿಗಿ ಎಳೆದು ಹಾಯಿ ಚಪ್ಪಟಿ ಮಾಡ್ರಿ.

ಈಗ ಹೆಚ್ಚಿನವ್ರು ಬೀಳೋ ಜಾಗಕ್ಕ ಬರೋಣು. ಎದುರು ಗಾಳಿಯಿಂದ ಬೋಟ್ ತಿರುಗಿಸಿ ಗಾಳಿ ಜೋಡಿ ಓಡಿಸಬೇಕಲ್ಲ, ಅದಕ್ಕ ಬೇರ್ ಅವೇ ಅಂತಾರ, ಆ ತಿರುವಿನ ನಡುವ ಗಾಳಿ ಪಕ್ಕಡಿಗೆ ಹೊಡೆಯೋ ಒಂದು ಜಾಗ ಅದ, ಅಲ್ಲಿ ಹಾಯಿಗೆ ಪೂರಾ ತಾಕತ್ತು ಬಂದು ಮೂತಿ ನೀರಾಗ ಹುಗಿಯಾಕ ನೋಡ್ತದ. ನಾನು ಎಷ್ಟೋ ಸಲ ಅಲ್ಲೇ ಅಂಜಿ ಅರ್ಧಕ್ಕ ಟಿಲ್ಲರ್ ಹಿಡ್ಕೊಂಡು ನಿಂತೀನಿ, ಪ್ರತಿ ಸಲನೂ ಬೋಟ್ ಪಲ್ಟಿ. ಮಾಡೋದು ಹಿಂಗ ನೋಡ್ರಿ, ತಿರುಗೋಕಿಂತ ಮೊದ್ಲ ಕಿಕ್ಕರ್ ಸಡ್ಲ ಬಿಡ್ರಿ, ಬಿಗಿ ಇದ್ರ ಹಾಯಿ ಗಾಳಿ ಬಿಡಂಗಿಲ್ಲ, ಬೂಮ್ ಹೋಗಿ ನೀರಿಗೆ ತಾಗ್ತದ, ಆಮ್ಯಾಲ ಇಬ್ರೂ ಹಿಂದಕ್ಕ ಸರೀರಿ, ಕ್ರೂ ಹಿಂದಿನ ಕಾಲು ಅಂಚಿನ ಫುಟ್‌ಲೂಪ್‌ನಾಗ ಸಿಗಿಸ್ಲಿ, ಇಲ್ಲಾಂದ್ರ ಬೋಟ್ ತಟ್ನೆ ನಿಧಾನ ಆದಾಗ ಜೋಲಿ ಹೊಡೆದು ಮೂತಿ ಕಡಿ ಹೋಗಿ ಬೀಳ್ತಾನ. ಬೋಟ್ ಪೂರಾ ಸಪಾಟ ಆಗೋತನಕ ಕಾಯ್ರಿ. ಆಮ್ಯಾಲ ಮೇನ್‌ಶೀಟ್ ಬಿಟ್ಕೊಂತ ಒಂದೇ ದಮ್ಮಿಗೆ, ನಡುವ ನಿಲ್ಲಲಾರದ, ಪೂರಾ ತಿರುಗಿಸ್ರಿ. ಝಟಕಾ ಬ್ಯಾಡ, ಆದ್ರ ನಿಲ್ಲೋದೂ ಬ್ಯಾಡ.

ಸ್ಪಿನೇಕರ್, ಅಂದ್ರ ಗಾಳಿ ಜೋಡಿ ಓಡುವಾಗ ಮುಂದ ಹಾಕೋ ದೊಡ್ಡ ಹಾಯಿ, ಏರಿಸಿದ ಮ್ಯಾಲ ಲೆಕ್ಕ ಉಲ್ಟಾ ಆಗ್ತದ, ಇದೇ ತಲಿಗೆ ಹೋಗಾಕ ನನಗ ಟೈಮ್ ಹಿಡೀತು. ಸಣ್ಣವ್ರಿದ್ದಾಗ ಅಂಗೈ ಮ್ಯಾಲ ಕೋಲು ನಿಲ್ಸೋ ಆಟ ಆಡೀರಲ್ಲ, ಕೋಲು ಯಾವ ಕಡಿ ಬೀಳಾಕ ಹತ್ತಿತೋ ಕೈನ ಆ ಕಡೀನೇ ಒಯ್ತಿದ್ವಿ. ಇಲ್ಲಿ ಮಾಸ್ಟ್‌ನೇ ಕೋಲು, ಬೋಟ್‌ನೇ ಅಂಗೈ. ಝೋಕು ಬಂದು ಮಾಸ್ಟ್ ಗಾಳಿ ಹೋಗೋ ಕಡಿ ವಾಲಿದ್ರ ಬೋಟ್‌ನ್ನ ಆ ಕಡಿ ತಿರುಗಿಸ್ರಿ, ಗಾಳಿ ಸತ್ತು ಮಾಸ್ಟ್ ನಿಮ್ಮ ಮ್ಯಾಲೇ ಬರಾಕ ಹತ್ತಿದ್ರ ಗಾಳಿ ಕಡಿ ತಿರುಗಿಸ್ರಿ. ಲೇಸರ್‌ನಿಂದ ಬಂದವ್ರಿಗೆ ಅಂಜಿಕಿ ಆದ್ರ ಕೈ ತಾನೇ ಗಾಳಿ ಕಡಿ ತಿರುಗಿಸ್ತದ, ಎದುರು ಗಾಳ್ಯಾಗ ಸರಿ, ಸ್ಪಿನೇಕರ್ ಇದ್ದಾಗ ಅದೇ ನಿಮ್ಮನ್ನ ಮುಳುಗಿಸ್ತದ. ಇನ್ನೊಂದು, ಸ್ಪಿನೇಕರ್ ಮ್ಯಾಲಿದ್ದಾಗ ಮೇನ್‌ಶೀಟ್ ಪೂರಾ ಬಿಟ್ಟುಬಿಡಬ್ಯಾಡ್ರಿ. ಈ ಬೋಟ್‌ಗೆ ಮಾಸ್ಟ್ ಹಿಂದಕ್ಕ ಎಳೆದು ಹಿಡಿಯೋ ತಂತಿ ಇಲ್ಲ, ಮೇನ್ ಹಾಯಿನೇ ಆ ಕೆಲಸ ಮಾಡ್ತದ, ಬಿಟ್ರ ಮಾಸ್ಟ್ ಮುರಿಯೋ ಅಂಜಿಕಿ.

ಜೈಬ್ ಅಂದ್ರ ಹಾಯಿ ಒಂದು ಕಡಿಯಿಂದ ಇನ್ನೊಂದು ಕಡಿ ದಾಟ್ಸೋದು, ಗಾಳಿ ಬೆನ್ನಿಗಿದ್ದಾಗ. ಬೋಟ್ ನಿಧಾನ ಆಗ್ಲಿ ಆಮ್ಯಾಲ ಮಾಡೋಣು ಅಂತ ಎಲ್ಲರಿಗೂ ಅನಿಸ್ತದ, ನನಗೂ ಅನಿಸ್ತಿತ್ತು. ಆದ್ರ ನೀವು ಗಾಳಿ ಜೋಡಿ ಎಷ್ಟು ಜೋರು ಓಡ್ತೀರೋ ಹಾಯಿಗೆ ತಾಗೋ ಗಾಳಿ ಅಷ್ಟು ಕಮ್ಮಿ, ನಿಧಾನ ಆದ್ರ ಅಷ್ಟೂ ಗಾಳಿ ಹಾಯಿ ಮ್ಯಾಲೇ ಬೀಳ್ತದ. ಅದಕ್ಕ ಬೋಟ್ ಭಾಳ ಜೋರು ಓಡುವಾಗಲೇ ಜೈಬ್ ಮಾಡ್ರಿ. ಇದನ್ನ ಮೊದ್ಲ ದಂಡಿ ಮ್ಯಾಲೇ ಬೋಟ್ ಟ್ರಾಲಿ ಮ್ಯಾಲಿಟ್ಟು ಇಬ್ರೂ ಐವತ್ತು ಸಲ ಮಾಡ್ರಿ, ಯಾವ ಕಾಲು ಮೊದ್ಲು, ಕೈ ಯಾವಾಗ ಬದಲಿ, ಅದು ಮೈಗೆ ಹತ್ತಬೇಕು.

ಇಷ್ಟಾದ್ರೂ ಬೀಳ್ತೀರಿ, ಬಿದ್ದಾಗ ಲಗೂನೆ ಮಾಡೋ ಕೆಲಸ ಒಂದೇ, ಒಬ್ರು ಡ್ಯಾಗರ್‌ಬೋರ್ಡ್, ಅಂದ್ರ ಬೋಟ್ ತಳದಿಂದ ನೀರಿಗೆ ಇಳಿಯೋ ಹಲಗಿ, ಅದರ ಮ್ಯಾಲ ಹತ್ತಬೇಕು. ತಡ ಮಾಡಿದ್ರ ಬೋಟ್ ಪೂರಾ ತಳಮೇಲಾಗ್ತದ, ಕೆರಿ ಆಳ ಕಮ್ಮಿ ಇದ್ರ ಮಾಸ್ಟ್ ಕೆಸರಾಗ ಹುಗೀತದ. ಜೋಡಿದಾರನ ತಲಿ ನೀರಿನ ಮ್ಯಾಲ ಕಂಡ್ತೇನು ನೋಡ್ಕೋರಿ, ಒದರಿ ಕೇಳ್ರಿ. ಸ್ಪಿನೇಕರ್ ಮೊದ್ಲ ಒಳಗ ಎಳೀರಿ, ಮೇನ್‌ಶೀಟ್ ಕಿಕ್ಕರ್ ಬಿಡ್ರಿ, ಮೂತಿ ಗಾಳಿ ಕಡಿ ಬರೋತನಕ ತಡೀರಿ, ಆಮ್ಯಾಲ ಎಬ್ಬಿಸ್ರಿ. ಲೈಫ್ ಜಾಕೆಟ್ ಇಲ್ಲದ ಇಳಿಯೋ ಮಾತೇ ಇಲ್ಲ, ಟ್ರಾಪೀಜ್ ಹಗ್ಗದಾಗ ಸಿಕ್ಕಿಬಿದ್ರ ಕೊಯ್ಯಾಕ ಸಣ್ಣ ಹುಕ್ ಚಾಕು ಮೈ ಮ್ಯಾಲೇ ಇರ್ಲಿ. ಬೋಟ್ ಏಳಲಿಲ್ಲಂದ್ರ ಅದನ್ನ ಬಿಟ್ಟು ಈಜಾಕ ಹೋಗಬ್ಯಾಡ್ರಿ, ಹಿಡ್ಕೊಂಡೇ ಇರ್ರಿ, ನೀರಾಗ ಬರೀ ತಲಿ ಯಾರಿಗೂ ಕಾಣಂಗಿಲ್ಲ, ಬೋಟ್ ಕಾಣ್ತದ.

ಬೀದರ್ ಕಡಿ ಕಾರಂಜಾ ಡ್ಯಾಂನಾಗ ಇಲ್ಲಾಂದ್ರ ಕೃಷ್ಣಾ ನದಿ ಮ್ಯಾಲಿರೋ ನಾರಾಯಣಪುರದ ಬಸವಸಾಗರದಾಗ ಇಳಿಸಿದ್ರ ಹ್ಯಾಂಗ ಅಂತ ಯಾದಗಿರಿ ಹುಡುಗ್ರು ಕೇಳ್ತಾರ. ನೀರು ದೊಡ್ಡದದ, ಗಾಳಿನೂ ಚೊಲೋ ಅದ, ನನಗೂ ಜೀವ ಹಾತೊರೀತದ. ಆದ್ರ ಡ್ಯಾಂ ಅಂದ ಮ್ಯಾಲ ನೀರಾವರಿಯವ್ರ ಪರ್ಮಿಷನ್ ಬೇಕು, ನೀರಿನ ಕೆಳಗ ಮುಳುಗಿದ ಗಿಡ, ಮೀನಿನ ಬಲಿ ಇರ್ತಾವ, ಡ್ಯಾಗರ್‌ಬೋರ್ಡ್ ಅವಕ್ಕ ಸಿಕ್ರ ಬೋಟ್ ಅಲ್ಲೇ ನಿಲ್ತದ, ನೀವು ಮುಂದ ಹಾರ್ತೀರಿ. ಕೃಷ್ಣಾದಾಗ ಮೊಸಳಿನೂ ಅವ. ಮೋಟರ್ ಇರೋ ರೆಸ್ಕ್ಯೂ ಬೋಟ್ ಮತ್ತ ಅದನ್ನ ಓಡಿಸಾಕ ಬರೋ ಒಬ್ಬ ಮನಷ್ಯಾ ದಂಡಿ ಮ್ಯಾಲ ಇಲ್ಲಾಂದ್ರ ನಾನಂತೂ ಅಲ್ಲಿ ಇಳಿಯಂಗಿಲ್ಲ, ನೀವೂ ಇಳೀಬ್ಯಾಡ್ರಿ.